ಮಾವಿನ ಗಿಡದ ವಕೀಲ

ಇದು ನಡೆದ ಸಂಗತಿ, ನಡೆದ ಹಾಗೆಯೇ ಇದೆ. ನೂಲಿಗೆ ಒಂದೆಳೆಯೂ ಹೆಚ್ಚಿಗೆ ಸೇರಿಲ್ಲ. ಎಳ್ಳಮಾವಾಸ್ಯೆ ಮುಗಿದಿತ್ತು. ಚಳಿ ಮಾತ್ರ ಊಟವಾದರೂ ಏಳದ ಬೀಗರ ಹಾಗೆ ಗೋಡೆಯ ನೆರಳಲ್ಲಿ ಇನ್ನೂ ಕೂತಿತ್ತು. ಅಂಥ ಒಂದು ಭಾನುವಾರ ಮುಂಜಾನೆ ನರೋಣಾದಲ್ಲಿ ಹೈಸ್ಕೂಲು ಮಾಸ್ತರ ಜಗದೇವ, ತನ್ನ ತಮ್ಮ ದೇವಾನಂದನಿಗೆ ಒಂದು ಮಾತು ಹೇಳಿಬಿಡಬೇಕೆಂದು ಹಿತ್ತಿಲಿಗೆ ಇಳಿದ. ಮಾತು ಚಿಕ್ಕದು. ಹೆಂಡತಿ ಪಂಚಶೀಲಾಳ ಅಣ್ಣ ಖಜೂರಿಯ ರಸ್ತೆಯಲ್ಲಿ ಲಾರಿ ತೂಗುವ ಕಾಟಾ ಇಟ್ಟಿದ್ದಾನೆ. ಕಿಟಕಿಯಲ್ಲಿ ಕೂತು ತೂಕದ ಚೀಟಿ ಹರಿದುಕೊಡಲು ನಂಬಿಗಸ್ತನೊಬ್ಬ ಬೇಕಾಗಿದ್ದಾನೆ. ನಾಳೆ ಸೋಮವಾರದಿಂದ ನೀನು ಅಲ್ಲಿಗೆ ಹೋಗು, ಓದಿದ್ದು ಸಾಕು. ಇಷ್ಟೇ. ಇದನ್ನು ಅವನು ಮುಖ ತೊಳೆಯುವಾಗ ಒಂದು ಸಲ, ಚಹಾ ಕುಡಿಯುವಾಗ ಒಂದು ಸಲ ಮನಸ್ಸಿನಲ್ಲೇ ಹೇಳಿ ನೋಡಿದ್ದ. ಎರಡೂ ಸಲ ಕೊನೆಯ ಎರಡು ಶಬ್ದಗಳು ಹಲ್ಲಿಗೆ ಸಿಕ್ಕ ಅಡಿಕೆಯ ಚೂರಿನಂತೆ ಅಲ್ಲೇ ಉಳಿದಿದ್ದವು. ಸಂಜೆಯೊಳಗೆ ಹೌದೋ ಅಲ್ಲವೋ ತಿಳಿಸಬೇಕೆಂದು ಭಾವಮೈದುನ ಅಂದಿದ್ದ. ಅಂಗಿಯ ಜೇಬಿನಲ್ಲಿದ್ದ ಫೋನು ಸುಮ್ಮನಿದ್ದರೂ ಎದೆಗೆ ತಾಗಿ ಆಗಾಗ ಮಿಸುಕಿದಂತೆ ಅನಿಸುತ್ತಿತ್ತು.

ದೇವಾನಂದ ಆಗಲೇ ಮಲ್ಲಿಗೆ ಕಂಟಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಮಣ್ಣು ಬಿಡಿಸುತ್ತಿದ್ದ. ಈ ಮನೆಯಲ್ಲಿ ಚಳಿಯ ಕೊನೆಗೆ ಹಿತ್ತಿಲು ಹಸನು ಮಾಡುವುದು ಅಂದರೆ ಯುಗಾದಿಗೆ ಮೊದಲಿನ ಲೆಕ್ಕ ಚುಕ್ತಾ ಮಾಡಿದಂತೆ. ಮಲ್ಲಿಗೆಗೆ ನೀರು ನಿಲ್ಲಿಸಿ, ಬುಡ ಬಿಡಿಸಿ, ಬೇರಿಗೆ ಬಿಸಿಲು ತೋರಿಸಿ, ಎಲೆಯೆಲ್ಲ ಬೋಳಿಸಿ ಕತ್ತರಿಸಬೇಕು. ಹಾಗೆ ನಾಚಿಸಿದರೆ ಮಾತ್ರ ಅದು ಬೇಸಿಗೆಗೆ ಮೈತುಂಬ ಹೂ ಬಿಡುತ್ತದೆ ಎಂದು ತಾಯಿ ಮಲ್ಕಮ್ಮ ಹೇಳುತ್ತಿದ್ದಳು. ಬುದ್ಧಪೂರ್ಣಿಮೆಗೆ ಊರಿನ ಬೌದ್ಧವಿಹಾರಕ್ಕೆ ಹೋಗುವ ಮೊದಲ ಬುಟ್ಟಿ ಈ ಕಂಟಿಯದೇ ಆಗಬೇಕೆಂಬುದು ಅವಳ ಹಟ. ಜಗದೇವ ಕತ್ತರಿ ಹಿಡಿದು ತಮ್ಮನ ಎದುರಿಗೆ ಕೂತ. ಈಗ ಹೇಳಬೇಕು. ಒಂದು ಟೊಂಗೆ ಕತ್ತರಿಸಿದ. ಇನ್ನೊಂದು ಕತ್ತರಿಸಿ ಆದ ಮೇಲೆ. ತಮ್ಮನ ಕೈಬೆರಳುಗಳ ಸಂದಿಯಲ್ಲಿ ಕರಿಮಣ್ಣು ತುಂಬಿತ್ತು, ಆದರೆ ಬಲಗೈಯ ನಡುಬೆರಳಿನ ಮೇಲೆ, ಪೆನ್ನು ಊರುವ ಜಾಗದಲ್ಲಿ, ದಪ್ಪಗಟ್ಟಿದ ಗಂಟೊಂದು ಮಣ್ಣನ್ನೂ ಮೀರಿ ಹೊಳೆಯುತ್ತಿತ್ತು. ಅದನ್ನು ನೋಡಿದ್ದೇ ಜಗದೇವನ ಬಾಯಿಂದ ಬಂದದ್ದು ಕಲಬುರಗಿ ಬಸ್ಸಿನ ಕಂಡಕ್ಟರನ ದನಿ. ಮೂಗಿನಲ್ಲಿ, ಎಳೆದೆಳೆದು: "ಹಿಂದ ಸರೀರಿ, ಹಿಂದ ಸರೀರಿ! ಹಿಂದ ಎಲ್ಲಾ ಖಾಲಿ ಅದ!"

"ಖಾಲಿ ಎಲ್ಲದ ಅಣ್ಣಾ, ಹಿಂದ ಮುಳ್ಳು ಅವ," ಎಂದು ದೇವಾನಂದ ನಕ್ಕು ಹಿಂದೆ ಸರಿದ.

ಇದು ಜಗದೇವನ ಹಳೆಯ ಚಾಳಿ. ಒಲ್ಲದ ಮಾತು ಬಂದಾಗಲೆಲ್ಲ ಅವನ ಗಂಟಲಲ್ಲಿ ಬೇರೆ ಯಾರೋ ಬಂದು ಕೂತುಬಿಡುತ್ತಾರೆ. ಶಾಲೆಯಲ್ಲಿ ತಡವಾಗಿ ಬಂದ ಹುಡುಗರನ್ನು ಹೆಡ್‌ಮಾಸ್ತರರ ಕೆಮ್ಮಿನಲ್ಲಿ ಬೈಯುತ್ತಾನೆ, ಮನೆಗೆ ಬಂದ ವಿಮೆಯ ಏಜೆಂಟನನ್ನು ಅವನದೇ ದನಿಯಲ್ಲಿ ಬೀಳ್ಕೊಡುತ್ತಾನೆ. ಊರಿಗೆಲ್ಲ ಅವನು ನಗೆಮಾಸ್ತರ. ಒಬ್ಬನ ದನಿ ಹಿಡಿಯಬೇಕಾದರೆ ಅವನನ್ನು ಎಷ್ಟು ನೋಡಬೇಕು, ಉಸಿರು ಎಲ್ಲಿ ಕಡಿಯುತ್ತಾನೆ, ನಾಚಿಕೆಯನ್ನು ಯಾವ ಶಬ್ದದ ಹಿಂದೆ ಬಚ್ಚಿಡುತ್ತಾನೆ ಎಂಬುದನ್ನೆಲ್ಲ ಕದ್ದು ಹೇಗೆ ಕೇಳಿರಬೇಕು ಎಂಬುದು ನಗುವವರಿಗೆ ಗೊತ್ತಿರುವುದಿಲ್ಲ. ಅದು ಪ್ರೀತಿಯೋ ಕಳ್ಳತನವೋ ಎಂದು ಜಗದೇವನೂ ಕೇಳಿಕೊಂಡವನಲ್ಲ. ತಮ್ಮನ ದನಿಯೂ ಅವನಲ್ಲಿತ್ತು. ವರ್ಷಗಳಿಂದ ಇತ್ತು. ಮಾತಿಗೆ ಮೊದಲು ಮೂಗಿನಲ್ಲಿ ಒಂದು ಸಣ್ಣ ಉಸಿರೆಳೆತ, ಆಮೇಲೆ ಕೆಳತುಟಿ ಒದ್ದೆ ಮಾಡಿಕೊಂಡು, 'ಅಣ್ಣಾ, ಇದೊಂದು ವರ್ಸ.' ಸರ್ಕಾರಿ ನೌಕರಿಯ ಪರೀಕ್ಷೆಯ ಫಲಿತಾಂಶ ಬಂದ ಪ್ರತಿ ಸಲವೂ ಅಡುಗೆಮನೆಯ ಬಾಗಿಲಲ್ಲಿ, ಚೌಕಟ್ಟು ಹಿಡಿದುಕೊಂಡು, ಅದೇ ಮಾತು. ಪರೀಕ್ಷೆ, ಆಮೇಲೆ ಪ್ರತೀಕ್ಷೆ, ಮತ್ತೆ ಪರೀಕ್ಷೆ. ಆ ದನಿಯನ್ನು ಅವನು ಯಾರೆದುರಿಗೂ ತೆಗೆದಿರಲಿಲ್ಲ. ಒಬ್ಬನೇ ಸ್ಕೂಟರಿನಲ್ಲಿ ಹೋಗುವಾಗ ಮಾತ್ರ, ಗಾಳಿಗೆ, ಒಂದೆರಡು ಸಲ. ಬಹಳ ಬರಾಬರಿ ಬಂದಿತ್ತು. ಬಂದದ್ದಕ್ಕೆ ಹೆಮ್ಮೆಯಾಗಿ, ಹೆಮ್ಮೆಯಾದದ್ದಕ್ಕೆ ಕಿವಿ ಬಿಸಿಯಾಗಿತ್ತು.

ಮಲ್ಲಿಗೆ ಮುಗಿದು ಬೇವಿನ ಎಲೆಯ ಸರದಿ ಬಂತು. ಎಲೆ ಉದುರುವ ಕಾಲಕ್ಕೆ ಎಲ್ಲೆ ಎಂಬುದಿಲ್ಲ. ಪಕ್ಕದ ಸಕ್ಕುಬಾಯಿಯ ಬೇವು ಗೋಡೆ ದಾಟಿ ಇವರ ಅಂಗಳವನ್ನೆಲ್ಲ ಹಳದಿ ಮಾಡಿತ್ತು. ದೇವಾನಂದ ಕಸಬರಿಗೆ ಹಿಡಿದು ಗುಡಿಸುತ್ತ ಹೋದ, ಜಗದೇವ ಬುಟ್ಟಿಗೆ ತುಂಬಿ ತಿಪ್ಪೆಗೆ ಹಾಕುತ್ತ ಹಿಂದೆ ನಡೆದ. ತಮ್ಮ ಕೆಲಸ ಮಾಡುವ ರೀತಿ ಇತ್ತೀಚೆಗೆ ಅವನಿಗೆ ನೋಡಲಾಗುತ್ತಿರಲಿಲ್ಲ. ಸಿಲಿಂಡರು ತರುವುದು, ನಳ ಬಂದಾಗ ಏಳುವುದು, ಅವ್ವನ ಗುಳಿಗೆ, ಪಂಚಶೀಲಾಳ ಸೀರೆಗೆ ಫಾಲ್ ಹಚ್ಚಲು ಕೊಡುವುದು, ಯಾವುದನ್ನೂ ಹೇಳಿಸಿಕೊಳ್ಳುತ್ತಿರಲಿಲ್ಲ. ಉಂಡ ತಟ್ಟೆಯನ್ನು ತೊಳೆದು ಒರೆಸಿ, ಅಲ್ಲಿ ಯಾರೂ ಉಂಡೇ ಇಲ್ಲ ಎಂಬಂತೆ ಇಟ್ಟುಬಿಡುತ್ತಿದ್ದ. ಅಫಜಲಪುರದ ಮದುವೆಯಲ್ಲಿ ಬೀಗರ ಕಡೆಯವನೊಬ್ಬ ದೇವಾನಂದನ ಕಡೆ ಕೈ ಮಾಡಿ, "ಏ ತಮ್ಮಾ, ಈ ಪಂಕ್ತಿಗಿ ನೀರು ತಾರೋ," ಅಂದಿದ್ದ. ದೇವಾನಂದ ಎದ್ದು ತಂದಿದ್ದ. ಬಡಿಸುವವನೆಂದು ತಿಳಿದ ಅವನು ಮತ್ತೆ ಮತ್ತೆ ಕರೆದ, ಇವನು ಮತ್ತೆ ಮತ್ತೆ ತಂದ. ಅದೇ ಪಂಕ್ತಿಯಲ್ಲಿ ಕೂತಿದ್ದ ಜಗದೇವ, ಇವನು ನನ್ನ ತಮ್ಮ, ಎಂ.ಎ. ಮಾಡ್ಯಾನ ಎಂದು ಹೇಳಲು ಬಾಯಿ ತೆರೆದವನು ಹೋಳಿಗೆ ಇಟ್ಟುಕೊಂಡು ಮುಚ್ಚಿದ್ದ. ತನ್ನ ತಟ್ಟೆಯ ಹತ್ತಿರ ಬಂದಾಗಲೂ ದೇವಾನಂದ, "ನೀರು ಬೇಕೇನ್ರಿ?" ಅಂದ. ಅಂದು ಕಣ್ಣು ಮಿಟುಕಿಸಿದ್ದ. ಚೇಷ್ಟೆ ಅದು, ಬರಿ ಚೇಷ್ಟೆ. ಆದರೂ ಆ 'ರಿ' ಈಗ ಬುಟ್ಟಿಯ ತಳದಲ್ಲಿ ಬೇವಿನ ಕಡ್ಡಿಯ ಹಾಗೆ ಕೈಗೆ ಚುಚ್ಚಿತು.

ಪಂಚಶೀಲಾ ಚಹಾದ ಲೋಟಗಳನ್ನು ಕಟ್ಟೆಯ ಮೇಲಿಟ್ಟಳು. ಗಂಡನ ಹತ್ತಿರ ಬಂದಾಗ ದನಿ ತಗ್ಗಿಸಿ, "ಹೇಳಿದ್ರೇನ್ರೀ?" ಎಂದಳು.

"ಹೇಳಾಕತ್ತೇನಿ."

"ನಾ ಕೆಟ್ಟಾಕಿ ಆಗಬಾರ್ದು ನೋಡ್ರಿ. ನಿಮ್ಮ ತಮ್ಮ, ನೀವೇ ಹೇಳಬೇಕು. ಅವಂದೂ ವಯಸ್ಸು ಹೊಂಟದ. ನಾಳಿ ಅವನೇ ನಮ್ಮನ್ನ ಕೇಳ್ತಾನ, ಯಾಕ ಆವಾಗ ಹೇಳಲಿಲ್ಲ ಅಂತ."

ಅವಳು ಕೆಟ್ಟವಳಲ್ಲ, ಹೇಳಿದ್ದು ಖರೆಯೇ. ಖರೆ ಮಾತನ್ನು ಹೊರುವ ಕೂಲಿ ಮಾತ್ರ ತನಗೆ ಬಂದಿದೆ ಎಂದು ಅವನಿಗೆ ಸಿಟ್ಟು ಬಂತು, ಬಂದ ಸಿಟ್ಟು ತಮ್ಮನ ಬೆನ್ನ ಮೇಲೆ ಹೋಗಿ ಕೂತಿತು. ಅಷ್ಟು ನಿಶ್ಚಿಂತೆಯಿಂದ ಗುಡಿಸುತ್ತಿದ್ದಾನಲ್ಲ! ಚಹಾ ಮುಗಿಯಲಿ, ಹೇಳುತ್ತೇನೆ ಅಂದುಕೊಂಡ. ಚಹಾ ಮುಗಿಯಿತು. ಸುಣ್ಣ ಕಲಸುವಾಗ ಹೇಳುತ್ತೇನೆ ಅಂದುಕೊಂಡ. ಸುಣ್ಣಕ್ಕೆ ನೀರು ಬಿದ್ದು ಬುಸ್ಸೆಂದು ಕುದಿಯಿತು, ತೆಂಗಿನ ಬುಡಕ್ಕೂ ಕರಿಬೇವಿನ ಬುಡಕ್ಕೂ ಬಿಳಿ ಬಂತು, ಅದರ ಮೇಲೆ ಕೆಮ್ಮಣ್ಣಿನ ಪಟ್ಟಿ ಬಂತು. ಮಾತು ಬರಲಿಲ್ಲ. ತಮ್ಮನೇ ಒಮ್ಮೆ ಕುಂಚ ನಿಲ್ಲಿಸಿ, "ಅಣ್ಣಾ, ಏನೋ ಹೇಳಬೇಕಂತ ಮಾಡಿಯೇನ್?" ಎಂದು ಕೇಳಿದ. ಕೇಳಿ ಕಾಯುತ್ತ ನಿಂತ. ಆಗ ಜಗದೇವ ಹೆಡ್‌ಮಾಸ್ತರರ ಕೆಮ್ಮು ಕೆಮ್ಮಿ, "ಪಟ್ಟಿ ಸೀದಾ ಹೊಡೀಬೇಕು, ಇದು ಶಿಸ್ತಿನ ಶಾಲೆ," ಅಂದ. ಇಬ್ಬರೂ ನಕ್ಕರು. ನಗುತ್ತಿರುವಾಗಲೇ ಜಗದೇವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು.

ಕೊನೆಗೆ ಉಳಿದದ್ದು ಮೂಲೆಯ ಮಾವು. ಊರಿನ ಮಾವುಗಳೆಲ್ಲ ಹೂ ಹೊತ್ತು ನಿಂತಿದ್ದ ಆ ಹೊತ್ತಿನಲ್ಲಿ ಅದು ಕಡುಹಸಿರು ಎಲೆಯನ್ನಷ್ಟೇ ಹೊದ್ದು, ತುಂಬ ಆರೋಗ್ಯವಾಗಿ, ತುಂಬ ನಿರುಪಯೋಗಿಯಾಗಿ ನಿಂತಿತ್ತು. ಒಂದು ಸಲವೂ ಕಾಯಿ ಬಿಟ್ಟದ್ದಿಲ್ಲ. ಬುಡಕ್ಕೆ ಹತ್ತಿದ್ದ ಗೆದ್ದಲಿನ ಮಣ್ಣನ್ನು ದೇವಾನಂದ ಕೆರೆದು ತೆಗೆಯುತ್ತಿದ್ದಾಗ ಸಕ್ಕುಬಾಯಿ ಗೋಡೆಯ ಮೇಲಿಂದ ಮುಖ ಹಾಕಿದಳು.

"ಮಲ್ಕಮ್ಮಕ್ಕಾ, ಈ ಸಲಾನೂ ಇಲ್ಲೇನು? ನಮ್ಮದು ನೋಡು, ಹೂವಿನ ಭಾರಕ್ಕ ಟೊಂಗಿ ಬಾಗ್ಯಾವ."

"ನಿಂದು ಹುಳಿಕಾಯಿ, ಸುಮ್ನಿರು ಬೇ," ಎಂದಳು ಮಲ್ಕಮ್ಮ, ಕಟ್ಟೆಯ ಮೇಲೆ ಬಿಸಿಲಿಗೆ ಮೊಣಕಾಲು ಚಾಚಿಕೊಂಡು.

"ಎಷ್ಟು ವರ್ಸಾತು ಹಚ್ಚಿ?"

"ದೇವ್ಯಾಂದು ಕಾಲೇಜು ಮುಗೀತಲ್ಲ, ಅದೇ ವರ್ಸ. ಕರಜಗಿಯಿಂದ ಅವನೇ ತಂದು ಹಚ್ಚಿದ್ದು."

ಹೇಳಿದ ಮೇಲೆ ಮಲ್ಕಮ್ಮನಿಗೆ ಅನ್ನಬಾರದ್ದು ಅಂದೆ ಅನಿಸಿತೋ ಏನೋ, ಮೊಣಕಾಲು ತಿಕ್ಕಿಕೊಳ್ಳತೊಡಗಿದಳು. ಪಂಚಶೀಲಾ ಲೋಟಗಳನ್ನು ಒಂದರೊಳಗೊಂದು ಇಟ್ಟಳು. ದೇವಾನಂದ ಮಾತ್ರ ಗೆದ್ದಲು ಕೆರೆಯುತ್ತಲೇ ಇದ್ದ.

"ಹಂಗಾದ್ರ ಹೆದರಸ್ರಿ ಅದನ್ನ," ಎಂದಳು ಸಕ್ಕುಬಾಯಿ. "ಹೆದರಿಸಿದ್ರ ಬಿಡ್ತದ. ನಮ್ಮ ತವರುಮನಿ ಹುಣಸಿ ಹಂಗೇ ಬಿಟ್ಟದ್ದು."

ಕಾಯಿ ಬಿಡದ ಗಿಡಕ್ಕೆ ಈ ಸೀಮೆಯಲ್ಲಿ ಮಾಡುವುದು ಅದನ್ನೇ. ಚಳಿ ಮುಗಿದು ಚಿಗುರು ಬರುವ ಮೊದಲು ಒಬ್ಬ ಕೊಡಲಿ ಹಿಡಿದು ಬಂದು, ಈ ಗಿಡ ಕೆಲಸಕ್ಕೆ ಬಾರದ್ದು, ಕಡಿದುಹಾಕುತ್ತೇನೆ ಎಂದು ಆರ್ಭಟಿಸಿ ಬುಡಕ್ಕೆ ಮೆಲ್ಲಗೆ ಕೊಡಲಿ ಮುಟ್ಟಿಸುತ್ತಾನೆ. ಇನ್ನೊಬ್ಬ ಗಿಡದ ಹಿಂದೆ ನಿಂತು ಗಿಡದ ಪರವಾಗಿ, ಬೇಡ, ಕಡಿಯಬೇಡ, ಬರುವ ವರ್ಷ ಖಂಡಿತ ಬಿಡುತ್ತೇನೆ ಎಂದು ಅಂಗಲಾಚುತ್ತಾನೆ. ಕೊಡಲಿಯವನು ಕರಗಿ, ಹೋಗಲಿ, ಒಂದು ವರ್ಷ ಕೊಟ್ಟೆ, ಅನ್ನಬೇಕು. ಕೊಟ್ಟೇ ಕೊಡಬೇಕು, ಅದು ರೂಢಿ. ಗಿಡ ಕೇಳಿಸಿಕೊಂಡು ಹೆದರುತ್ತದಂತೆ. ಮೂಢನಂಬಿಕೆಯ ಮೇಲೆ ವಿಹಾರದಲ್ಲಿ ಭಾಷಣ ಮಾಡಿ ಬಂದಿದ್ದ ಜಗದೇವ ಈಗ ಬೇಡವೆನ್ನಬೇಕಿತ್ತು. ಆದರೆ ಮಾತು ಇನ್ನೊಂದು ಅರ್ಧ ಗಂಟೆ ಮುಂದಕ್ಕೆ ಹೋಗುತ್ತದಲ್ಲ ಎಂಬ ಸಮಾಧಾನ ಅವನನ್ನು ಉತ್ಸಾಹಿಯನ್ನಾಗಿ ಮಾಡಿತು. "ದೇವ್ಯಾ, ನೀ ಕೊಡ್ಲಿ ಹಿಡಿ. ಗಿಡದ ವಕೀಲ ನಾ," ಎಂದು ಕಾಂಡದ ಹಿಂದೆ ಹೋಗಿ ನಿಂತ. ಸತ್ತುಹೋದ ಅಜ್ಜಿಯ ಬೊಚ್ಚುಬಾಯಿ ದನಿ ತೆಗೆಯಬೇಕೆಂದು ಗಂಟಲು ಸರಿಮಾಡಿಕೊಂಡ. ಅವ್ವ ನಗುತ್ತಾಳೆ, ಮನೆಯ ಮೇಲಿನ ಮೋಡ ಸರಿಯುತ್ತದೆ.

ದೇವಾನಂದ ಧೋತರ ಕಚ್ಚೆ ಹಾಕಿದವನಂತೆ ಲುಂಗಿ ಎತ್ತಿ ಕಟ್ಟಿ, ಕೊಡಲಿ ಹೆಗಲಿಗೇರಿಸಿ, ನಾಟಕದ ಖಳನ ಹಾಗೆ ಹೆಜ್ಜೆ ಹಾಕಿ ಬಂದ. "ಎಲೇ ಮಾವೇ! ನೀರು ಕುಡದಿ, ಗೊಬ್ಬರ ತಿಂದಿ, ಒಂದು ಕಾಯಿ ಕೊಡಲಿಲ್ಲ. ಇವತ್ತ ನಿನ್ನ ಕಡದು ಒಲಿಗಿ ಹಾಕ್ತೇನಿ!" ಕೊಡಲಿಯ ಬಾಯಿ ಕಾಂಡಕ್ಕೆ ಟಕ್ ಎಂದು ಮುಟ್ಟಿತು. ಅದರ ಅದುರು ಜಗದೇವನ ಅಂಗೈಗೆ ಬಂತು. ಅವನು ಬಾಯಿ ತೆರೆದ. ಅಜ್ಜಿ ಬರಲಿಲ್ಲ. ಬಂದದ್ದು ಮೂಗಿನಲ್ಲಿ ಒಂದು ಸಣ್ಣ ಉಸಿರೆಳೆತ. ಕೆಳತುಟಿ ತಾನಾಗಿ ಒದ್ದೆಯಾಯಿತು.

"ಅಣ್ಣಾ, ಇದೊಂದು ವರ್ಸ. ಈ ಸಲ ಖರೇನೇ ಆಗ್ತದ. ಪುಸ್ತಕ ಎಲ್ಲಾ ಅವ, ಹೊಸದೇನೂ ಬ್ಯಾಡ. ಇದೊಂದೇ ವರ್ಸ."

ಮೊದಲು ಸಕ್ಕುಬಾಯಿ ಕಿಸಕ್ಕನೆ ನಕ್ಕಳು. ಆಮೇಲೆ ಮಲ್ಕಮ್ಮ, ಸೆರಗು ಬಾಯಿಗೆ ಒತ್ತಿಕೊಂಡು, ನಗಬಾರದು ಎಂದು ತಿಳಿದೂ ಭುಜ ಅಲುಗಿಸುತ್ತ. ಪಂಚಶೀಲಾ ಮುಖ ಆಚೆ ತಿರುಗಿಸಿದಳು. ಅವಳ ಬೆನ್ನು ನಗುತ್ತಿತ್ತು. ಅಷ್ಟು ಬರಾಬರಿ ಬಂದಿತ್ತು ದನಿ. ಕಾಂಡದ ಮರೆಯಿಂದ ಜಗದೇವನಿಗೆ ತಮ್ಮನ ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣು ಒಂದು ಕ್ಷಣ ಏನೂ ತಿಳಿಯದೆ ಅವನನ್ನೇ ನೋಡಿತು, ಕನ್ನಡಿ ಅಂಗಡಿಯಲ್ಲಿ ತನ್ನ ಮುಖಕ್ಕೇ ಡಿಕ್ಕಿ ಹೊಡೆದವನ ಕಣ್ಣಿನಂತೆ. ಆಮೇಲೆ ಅದೂ ನಕ್ಕಿತು.

"ಹೋದ ವರ್ಸಾನೂ ಇದೇ ಅಂದಿದ್ದಿ," ಎಂದ ದೇವಾನಂದ, ಕೊಡಲಿಯವನ ಗಡಸು ದನಿಯಲ್ಲಿ.

ನಿಲ್ಲಿಸಬೇಕಿತ್ತು. ನಗು ಬಿದ್ದ ಮೇಲೆ ನಿಲ್ಲಿಸುವುದು ಜಗದೇವನಿಗೆ ಎಂದೂ ಬಂದದ್ದಿಲ್ಲ. "ಹೋದ ವರ್ಸ ಹೂವು ಬಂದಿತ್ತು ಅಣ್ಣಾ, ಸ್ವಲ್ಪದಾಗ ಉದುರಿತು."

"ಅದರ ಹಿಂದಿನ ವರ್ಸ?"

"ಅದರ ಹಿಂದಿನ ವರ್ಸ ಸಿಲೆಬಸ್ಸೇ ಬದ್ಲಾತು."

ಸಕ್ಕುಬಾಯಿ ಗೋಡೆ ಹಿಡಿದುಕೊಂಡು, "ಅಯ್ಯಯ್ಯೋ, ಬರಾಬರಿ ದೇವ್ಯಾನೇ!" ಎಂದು ಕೂಗಿದಳು. ಮಲ್ಕಮ್ಮ ಕಣ್ಣೊರೆಸಿಕೊಂಡಳು. ಆ ನಗೆಯ ನಡುವೆ ಜಗದೇವನಿಗೆ ಅರ್ಥವಾಯಿತು, ತಾನು ಮುಂಜಾನೆಯಿಂದ ಹೇಳಲಾರದೇ ಇದ್ದದ್ದನ್ನು ಈಗ ಹೇಳಿ ಮುಗಿಸಿದೆ. ಅದೂ ತಮ್ಮನದೇ ನಾಲಿಗೆಯಲ್ಲಿ, ಅವನದೇ ಕೈಗೆ ಕೊಡಲಿ ಕೊಟ್ಟು. ಇನ್ನು ಅವನು, ಹೋಗಲಿ, ಒಂದು ವರ್ಷ ಕೊಟ್ಟೆ, ಅನ್ನಬೇಕು. ಅಷ್ಟಾದರೆ ಆಟ ಮುಗಿಯುತ್ತದೆ. ಅನ್ನು, ಎಂದು ಜಗದೇವ ಒಳಗೊಳಗೇ ಬೇಡಿಕೊಂಡ.

"ಸಾಕು," ಎಂದ ದೇವಾನಂದ. ಗಡಸು ದನಿ ಇರಲಿಲ್ಲ ಈಗ, ಸಾದಾ ದನಿ. "ಎಷ್ಟಂತ ಕೊಡೂದು? ಕೊಡೋರಿಗೂ ಸಾಕಾಗ್ತದ." ಕೊಡಲಿ ಹಿಂದಕ್ಕೆ ಹೋಯಿತು, ತಲೆಯ ಮೇಲೆ ಹೋಯಿತು, ಬಂತು. ಈ ಸಲ ಟಕ್ ಅನ್ನಲಿಲ್ಲ. ತೊಗಟೆ ಹಾರಿ, ಒಳಗಿನ ತೇವದ ಬಿಳಿ ಕಟ್ಟಿಗೆ ಕಂಡಿತು, ಹಸಿ ಮಾವಿನ ವಾಸನೆ ಬಂತು. ಕಾಯಿಯೇ ಬಿಡದ ಗಿಡದೊಳಗೆ ಕಾಯಿಯ ವಾಸನೆ. ಎರಡನೆಯ ಏಟಿಗೆ ಎಲೆಗಳೆಲ್ಲ ಒಮ್ಮೆಲೇ ಅದುರಿದವು.

"ಏ ದೇವ್ಯಾ! ಮುಟ್ಟಸಬೇಕೋ ಬರೇ, ಹಂಗ ಹೊಡೀಬಾರ್ದೋ!" ಮಲ್ಕಮ್ಮ ಕಟ್ಟೆಯಿಂದ ಇಳಿಯಲು ಹೋಗಿ ಮೊಣಕಾಲು ಹಿಡಿದುಕೊಂಡಳು.

ಮೂರನೆಯ ಏಟಿಗೆ ಎತ್ತಿದ ಕೊಡಲಿಯ ಕಾವನ್ನು ಜಗದೇವ ಮುಂದೆ ಬಂದು ಎರಡೂ ಕೈಯಲ್ಲಿ ಹಿಡಿದ. ಇಬ್ಬರ ಮುಖಗಳೂ ಒಂದು ಗೇಣಿನ ಅಂತರದಲ್ಲಿದ್ದವು. ತಮ್ಮನ ಹಣೆಯ ಮೇಲೆ ಬೆವರಿಗೆ ಒಂದು ಬೇವಿನ ಎಲೆ ಅಂಟಿತ್ತು. ಜಗದೇವ ಮಾತಾಡಲು ಹೊರಟ. ಕಂಡಕ್ಟರ ಬಂದ, ಅವನನ್ನು ತಳ್ಳಿದ. ಹೆಡ್‌ಮಾಸ್ತರರ ಕೆಮ್ಮು ಬಂತು, ನುಂಗಿದ. ಅಜ್ಜಿ ಈಗ ಬಂದಳು, ತಡವಾಗಿ, ಅವಳನ್ನೂ ಕಳಿಸಿದ. ಎಲ್ಲರೂ ಹೋದ ಮೇಲೆ ಗಂಟಲು ಸಂತೆ ಮುಗಿದ ಬಯಲಿನ ಹಾಗೆ ಆಯಿತು. ಅಲ್ಲಿಂದ ಎದ್ದು ಬಂದ ದನಿ ತೆಳ್ಳಗಿತ್ತು, ಒಡಕಾಗಿತ್ತು, ನಡುವೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂಬುದೇ ಅದಕ್ಕೆ ತಿಳಿದಿರಲಿಲ್ಲ.

"ಬ್ಯಾಡ ದೇವ್ಯಾ. ಇದೊಂದು ವರ್ಸ ಇರಲಿ."

"ಗಿಡಾ?"

"ಗಿಡ ಅಲ್ಲೋ. ನೀನು. ನೀ ಓದು. ನೀ ಖಜೂರಿಗಿ ಹೋಗಬ್ಯಾಡ, ನಾ ಹೇಳ್ತೇನಿ ಅವರಿಗಿ, ಬರಂಗಿಲ್ಲ ಅಂತ. ಇನ್ನೊಂದು ವರ್ಸ ಓದು. ನಾ ಇದ್ದೇನಿ."

ದೇವಾನಂದ ಮೆಲ್ಲಗೆ ಕೇಳಿದ: "ಖಜೂರಿಗಿ ಯಾರು ಹೊಂಟಾರ ಅಣ್ಣಾ?"

ಆಗ ಜಗದೇವನಿಗೆ ಗೊತ್ತಾಯಿತು. ತಡೆಯಲು ಹೋಗಿ ತಾನೇ ಗುಟ್ಟು ಬಿಟ್ಟುಕೊಟ್ಟಿದ್ದ. ತಮ್ಮ ಅವನ ಮುಖ ನೋಡಿದ, ಅಲ್ಲಿಂದ ಕಣ್ಣು ಕಟ್ಟೆಯ ಕಡೆ ಹೋಯಿತು. ಪಂಚಶೀಲಾ ಒಂದರೊಳಗೊಂದು ಇಟ್ಟ ಲೋಟಗಳನ್ನು ಎದೆಗೆ ಹಿಡಿದು ನೆಲ ನೋಡುತ್ತಿದ್ದಳು. ದೇವಾನಂದನದು ಓದುವವನ ಕಣ್ಣು, ಎರಡು ಸಾಲು ಓದಿದರೆ ಪುಟವೆಲ್ಲ ತಿಳಿಯುವಂಥದ್ದು. "ಕಾಟಾದ ಕೆಲಸ," ಎಂದ ತನ್ನಷ್ಟಕ್ಕೆ. ಕೊಡಲಿಯ ಮೇಲಿನ ಅವನ ಹಿಡಿತ ಸಡಿಲಾಯಿತು, ಅದರ ಭಾರವೆಲ್ಲ ಅಣ್ಣನ ಕೈಗೆ ಬಂತು.

"ಯಾವಾಗ ಹೋಗಬೇಕ್ರಿ ವೈನಿ?"

"ನಾಳಿ, ಸೋಮವಾರ," ಎಂದಳು ಪಂಚಶೀಲಾ, ಕೇಳಿಸಿಯೂ ಕೇಳಿಸದಂತೆ. "ನಿಮ್ಮ ಮನಸಿದ್ರ ಅಷ್ಟೇ..."

"ಹೋಗ್ತೇನ್ರಿ. ಗಿಡಕ್ಕ ಒಂದು ವರ್ಸ ಕೊಟ್ಟೇನಿ, ಯವ್ವಾ. ಗಾಯಕ್ಕ ಸಗಣಿ ಹಚ್ಚು."

"ದೇವ್ಯಾ, ಕೇಳಿಲ್ಲಿ," ಎಂದ ಜಗದೇವ. ಅದೇ ಒಡಕು ದನಿ, ಕೊಡಲಿ ಎದೆಗವಚಿಕೊಂಡು. "ನಾ ಖರೇನೇ ಹೇಳಾಕತ್ತೇನಿ. ಚೇಷ್ಟಿ ಅಲ್ಲ. ನೀ ಹೋಗಬ್ಯಾಡ."

ದೇವಾನಂದ ತಲೆ ಓರೆ ಮಾಡಿ ಕಿವಿಗೊಟ್ಟು ಕೇಳಿದ, ರೇಡಿಯೋದಲ್ಲಿ ಹೊಸ ಸ್ಟೇಷನ್ ಸಿಕ್ಕವನ ಹಾಗೆ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗದೇವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಈ ದನಿ ಯಾರದು ಅಣ್ಣಾ?" ಎಂದ. "ಇದನ್ನ ಇಷ್ಟು ವರ್ಸ ಎಲ್ಲೂ ಕೇಳಿಲ್ಲಲ್ಲೋ ನಾ. ಯಾರಂತ ಗೊತ್ತೇ ಆಗವಲ್ದು."

ಸಕ್ಕುಬಾಯಿ ಗೋಡೆಯ ಮೇಲಿಂದ, "ಹೌದು ನೋಡು, ಯಾರಪ್ಪಾ ಇಂವ?" ಎಂದು ನಕ್ಕಳು. ಗಂಡಾಂತರ ಕಳೆಯಿತೆಂದು ಮಲ್ಕಮ್ಮನೂ ನಕ್ಕಳು. ಪಂಚಶೀಲಾಳೂ ನಗಬೇಕಾಗಿ ಬಂತು. ಜಗದೇವ ಇನ್ನೂ ಅದೇ ದನಿಯಲ್ಲಿ, "ನಂದೋ, ಇದು ನಂದು," ಅಂದ. ಅದಕ್ಕಂತೂ ಎಲ್ಲರಿಗೂ ತಡೆಯಲಾರದ ನಗು ಬಂತು. ದೇವಾನಂದ ಏಟು ಬಿದ್ದ ಕಾಂಡಕ್ಕೆ ಕೈ ಊರಿ, ಬಗ್ಗಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಸಕ್ಕುಬಾಯಿ ಸುಮ್ಮನಾದ ಮೇಲೂ ನಕ್ಕ, ಅವ್ವ ಸುಮ್ಮನಾದ ಮೇಲೂ ನಕ್ಕ, ಓಣಿಯಾಚೆಯವರು ಏನಾಯಿತೆಂದು ಬಾಗಿಲಿಗೆ ಬರುವಷ್ಟು ಜೋರಾಗಿ ನಕ್ಕ.